ಕುಂದ್ರು ಅಂದ ದನಿ

ಊಟಕ್ಕೆ ಕೂತಿದ್ದ ಹುಲಿಗೇಶ್ ಫೋನಿನಲ್ಲಿನ ಆಟ ಮುಚ್ಚಿ ರೊಟ್ಟಿ ಮುರಿಯುವಷ್ಟರಲ್ಲಿ ಅದೇ ಫೋನು ಮಾತಾಡಿತು: "ಇಷ್ಟು ಜಲ್ದಿ ಎದ್ದೇನಪ್ಪಾ? ಇನ್ನೊಂದೀಟು ಕುಂದ್ರು." ಅವನು ರೊಟ್ಟಿ ಬಿಟ್ಟು ಮತ್ತೆ ಆಟ ತೆರೆದ.

ಬಡಿಸಲು ಬಂದಿದ್ದ ಜಂಬಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಅದು ಅವಳದೇ ದನಿ. ಕಡ್ಡಿರಾಂಪುರದ ತನ್ನ ಖಾನಾವಳಿಯಲ್ಲಿ ಉಂಡೇಳುವವರಿಗೆಲ್ಲ ಅವಳು ಹೇಳುವ ಮಾತು. "ನಿನ್ನ ನೆನಪಿಗೆ ಇರ್ಲಿ ಅಜ್ಜೀ" ಅಂತ ಮೊಮ್ಮಗಳು ಕಾವ್ಯ ಅದನ್ನು ರೆಕಾರ್ಡ್ ಮಾಡಿಕೊಂಡಿದ್ದಳು.

"ಈ ಆಟ ಮಾಡಿದ್ದು ನಮ್ಮ ಕಂಪನಿಯವರಽ," ಕೆಲಸಕ್ಕೆ ಹೊರಟು ಬ್ಯಾಗು ಹೆಗಲಿಗೇರಿಸುತ್ತ ಕಾವ್ಯ ನಕ್ಕಳು. "ನಿನ್ನ ಮಾತು ಹಾಕಿದ ಮ್ಯಾಲೆ ಯಾರೂ ಬಿಟ್ಟು ಏಳವಲ್ರು. ಮಸ್ತ್ ಐತಲ್ಲ? ಬರ್ತೀನಿ."

'ಹೋಗಿ ಬಾ' ಅನ್ನದೆ ಯಾರನ್ನೂ ಹೊಸ್ತಿಲು ದಾಟಿಸದ ಜಂಬಮ್ಮ, ಹುಲಿಗೇಶನ ತಟ್ಟೆಯಲ್ಲಿ ಆರುತ್ತಿದ್ದ ರೊಟ್ಟಿಯನ್ನೇ ನೋಡುತ್ತ ಅಂದಳು:

"ಹೋಗು."