ಈಡೇರಿದ ಕೋರಿಕೆ

ಚರ್ಚಿನಲ್ಲಿ ಬುಧವಾರದ ಊಟ ಮುಗಿದು, ಪಾಸ್ಟರು ಬ್ರದರ್ ಹ್ಯಾಸ್ಕೆಲ್ "ಯಾರಿಗೆ ಏನು ಪ್ರಾರ್ಥನೆ ಬೇಕು?" ಎಂದು ಕೇಳುತ್ತಿದ್ದಂತೆ ಇಮೊಜೀನ್ ಕೈ ಎತ್ತಿ, "ಹೇಳಲಾಗದ್ದು, ಬ್ರದರ್" ಎಂದಳು. ಮೊಣಕಾಲು ನೋವು, ಮೊಮ್ಮಗನ ಪರೀಕ್ಷೆ ಇಂಥವನ್ನು ಬಾಯಿಬಿಟ್ಟು ಹೇಳಬಹುದು. ಬಾಯಿಬಿಡಲಾಗದ ಸಂಕಟವಿದ್ದವರು ಹೀಗೆ ಅಂದರೆ ಸಾಕು, ನಮ್ಮ ಚರ್ಚಿನವರು ಏನು ಎತ್ತ ಎಂದು ಕೇಳದೆ ತಲೆತಗ್ಗಿಸಿ ಪ್ರಾರ್ಥಿಸುತ್ತಾರೆ. ಕೇಳುವ ಅಗತ್ಯವಾದರೂ ಏನಿತ್ತು? ಎಲ್ಲರ ಕಣ್ಣೂ ಹಿಂದಿನ ಸಾಲಿನಲ್ಲಿದ್ದ ಅವಳ ತಂಗಿ ವರ್ಲೀನ್ ಕಡೆ ಹೊರಳಿದವು. ಟೆನ್ನೆಸೀಯ ಈ ಬೆಟ್ಟದೂರಿನ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸುವವಳು ವರ್ಲೀನ್. ಪ್ರತಿ ವಸಂತದಲ್ಲೂ ವಿಕಾಸವಾದದ ಪಾಠ ಬರುತ್ತದೆ. ಪ್ರತಿ ವಸಂತದಲ್ಲೂ ಅಕ್ಕನ ಕೈ ಮೇಲೇಳುತ್ತದೆ. ವರ್ಲೀನ್ ತನ್ನ ಟೀ ಲೋಟವನ್ನು ನೋಡುತ್ತ ಕೂತಳು.

ಆಮೇಲೆ ಚರ್ಚಿನ ಅಡುಗೆಮನೆಯಲ್ಲಿ ಮನೆಮನೆಯಿಂದ ಅಡುಗೆ ತುಂಬಿ ಬಂದಿದ್ದ ಪಾತ್ರೆಗಳನ್ನು ತಂಗಿ ತೊಳೆಯತೊಡಗಿದಳು, ಅಕ್ಕ ಒರೆಸಿ, ಬುಡಕ್ಕೆ ಅಂಟಿಸಿದ ಪಟ್ಟಿಯಲ್ಲಿ ಯಾರ ಹೆಸರಿದೆ ಎಂದು ನೋಡಿ ಜೋಡಿಸತೊಡಗಿದಳು.

"ನನ್ನ ಹೆಸರನ್ನೇ ಹೇಳಿಬಿಡಬಾರದಾ ಅಕ್ಕ? ಪಾಪ, ಅವರಿಗೆ ಕತ್ತು ತಿರುಗಿಸೋ ಕೆಲಸನಾದ್ರೂ ತಪ್ಪುತ್ತೆ."

"ಕೊಂಕು ಮಾತು ಬೇಡ ವರ್ಲೀ. ನಿನ್ನ ಮಾನ ಕಳೆಯೋಕೆ ನಾನು ಕೈ ಎತ್ತಲ್ಲ. ಅಪ್ಪ ಅಮ್ಮ ಮೇಲೆ ಕಾಯ್ತಾ ಇದಾರೆ. ನಾನು ಹೋದಾಗ 'ಚಿಕ್ಕವಳೆಲ್ಲಿ?' ಅಂತ ಅಮ್ಮ ಕೇಳಿದ್ರೆ ಏನು ಹೇಳ್ಲಿ? ಆರು ದಿನದಲ್ಲಿ ಸೃಷ್ಟಿ ಮಾಡಿದ ಅಂತ ದೇವರ ವಾಕ್ಯ ಇದೆ. ನೀನು ಮಕ್ಕಳಿಗೆ ಕೋಟಿಗಟ್ಟಲೆ ವರ್ಷ ಅಂತೀಯ. ಎದುರು ಮಾತಾಡೋಳನ್ನ ಒಳಗೆ ಬಿಡ್ತಾನಾ?"  ಇದು ಇಮೊಜೀನಳ ನಾಟಕವಲ್ಲ; ಈ ಒಂದು ಭಯಕ್ಕೆ ಅವಳು ಎಷ್ಟೋ ರಾತ್ರಿ ನಿದ್ದೆಗೆಟ್ಟಿದ್ದಳು.

ವರ್ಲೀನ್ ನಲ್ಲಿ ನಿಲ್ಲಿಸಿದಳು. "ಈ ಸಲ ಆ ಪಾಠ ಮಾಡಿಲ್ಲ ಅಕ್ಕ."

"ಏನಂದೆ?"

"ಮಾಡಿಲ್ಲ. ಕಪ್ಪೆ ಬಗ್ಗೆ ಒಂದು ಸಿನಿಮಾ ಹಾಕಿದೆ. ಅರ್ಧ ಜನ ನಿದ್ದೆ ಹೊಡೆದ್ರು. ಕಲ್ಲುಮಣಿ ಪೆಟ್ಟಿಗೆನೂ ತೆಗೀಲಿಲ್ಲ."

ಹಳ್ಳದಲ್ಲಿ ಸಿಗುವ, ನಡುವೆ ತೂತಿರುವ ಪಳೆಯುಳಿಕೆಯ ಆ ಪುಟ್ಟ ಕಲ್ಲುಗಳನ್ನು ಇಬ್ಬರೂ ಹುಡುಗಿಯರಾಗಿದ್ದಾಗ ಲಂಗದ ತುಂಬ ಆಯ್ದು ತಂದವರು. ಅಕ್ಕ ದಾರಕ್ಕೆ ಪೋಣಿಸಿ ಸರ ಮಾಡಿಕೊಂಡಳು. ತಂಗಿಗೆ ಅವು ಯಾವ ಪ್ರಾಣಿಯ ಮೈಯಿಂದ ಬಂದವು, ಈ ಬೆಟ್ಟದ ಮೇಲೆ ಸಮುದ್ರ ಯಾವಾಗ ಇತ್ತು ಎಂಬ ಹುಚ್ಚು ಹಿಡಿಯಿತು. ಪ್ರತಿ ವರ್ಷ ಆ ಪಾಠ ಶುರುವಾಗುತ್ತಿದ್ದದ್ದು ಆ ಪೆಟ್ಟಿಗೆ ಮೇಜಿನ ಮೇಲೆ ಬಂದ ಮೇಲೇ.

"ದೇವರಿಗೆ ಸ್ತೋತ್ರ!" ಇಮೊಜೀನ್ ಕೈಲಿದ್ದ ಒದ್ದೆ ಬಟ್ಟೆಯ ಸಮೇತ ತಂಗಿಯನ್ನು ತಬ್ಬಿಕೊಂಡಳು. "ಕೊನೆಗೂ ಒಪ್ಪಿಕೊಂಡೆಯಲ್ಲ!"

"ಒಪ್ಪಿಕೊಂಡಿಲ್ಲ. ಸುಸ್ತಾಯ್ತು, ಅಷ್ಟೆ. ವರ್ಷಾ ವರ್ಷಾ ಶಾಲೆ ಮಕ್ಕಳ ಅದೇ ಅಪ್ಪಂದಿರು, ಅದೇ ಜಗಳ. ಅತ್ಲಾಗೆ ಶಾಲೆಯ ಮೇಷ್ಟ್ರುಗಳಿಗೆ ನಾನು ಚರ್ಚಿಗೆ ಬರೋದೇ ನಗೆಪಾಟಲು. ಎರಡೂ ಕಡೆ ಏಟು ತಿಂದು ಸಾಕಾಯ್ತು."

"ಇರಲಿ ಬಿಡು. ಮನಸ್ಸು ನಿಧಾನಕ್ಕೆ ತಿರುಗುತ್ತೆ. ಪ್ರಾರ್ಥನೆ ಮಾಡ್ಕೋ."

"ಅದೂ ಆಗ್ತಿಲ್ಲ." ವರ್ಲೀನ್ ಕೈ ಒರೆಸಿಕೊಂಡಳು. "ಆ ಪೆಟ್ಟಿಗೆ ತೆಗೆದಾಗಲೆಲ್ಲ ನಂಗೆ ಮೈ ಜುಂ ಅಂತಿತ್ತು ಅಕ್ಕ. ಏನು ತಾಳ್ಮೆ ದೇವರದು, ಒಂದೊಂದು ಜೀವಕ್ಕೂ ಎಷ್ಟು ಕಾಲ ಕೊಟ್ಟಿದಾನೆ ಅಂತ. ನಾನು ಅವನ ಹತ್ರ ನಿಜವಾಗಿ ಮಾತಾಡ್ತಾ ಇದ್ದದ್ದೇ ಆಗ. ಪೆಟ್ಟಿಗೆ ಮುಚ್ಚಿದೆ, ಮಾತೂ ನಿಂತುಹೋಯ್ತು. ಭಾನುವಾರ ಬರ್ತೀನಿ, ಎಲ್ಲರ ಜೊತೆ ಹಾಡ್ತೀನಿ. ಆದ್ರೆ ಅಲ್ಲಿ ಕೇಳಿಸ್ಕೊಳ್ಳೋರು ಯಾರೂ ಇಲ್ಲ ಅಕ್ಕ."

ಸಿಟ್ಟಿಲ್ಲದೆ, ಮನೆಯಲ್ಲಿ ಎಣ್ಣೆ ಮುಗಿದಿದೆ ಎಂದು ಹೇಳುವಂತೆ ಹೇಳಿದಳು. ಸಿಟ್ಟಾಗಿದ್ದರೇ ಚೆನ್ನಾಗಿತ್ತು ಎನಿಸಿತು ಇಮೊಜೀನಳಿಗೆ. ಜಗಳವಾಡುವ ತಂಗಿಗಾಗಿ ಹೇಗೆ ಪ್ರಾರ್ಥಿಸಬೇಕೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕೈಲಿದ್ದ ಪಾತ್ರೆಯನ್ನು ಮಗುಚಿ, "ಇದು ಯಾರದ್ದು?" ಎಂದು ಕೇಳಿದಳು. ಬುಡದಲ್ಲಿ ಅವಳದೇ ಹೆಸರಿತ್ತು.

ಚರ್ಚಿನ ಅಡುಗೆಮನೆಯ ಸುದ್ದಿ ಊರು ಸುತ್ತಲು ವಾರವೇನೂ ಬೇಕಿಲ್ಲ. ಮುಂದಿನ ಬುಧವಾರ ಕಂಡವರೆಲ್ಲ ವರ್ಲೀನಳ ಬೆನ್ನು ತಟ್ಟಿದರು. ಯಾರೋ ಅವಳ ತಟ್ಟೆಗೆ ಕೋಳಿಯ ಇನ್ನೊಂದು ತುಂಡು ಹಾಕಿದರು. ಅವಳು ಎಲ್ಲರಿಗೂ ನಕ್ಕಳು, ಹಾಕಿದ್ದನ್ನೆಲ್ಲ ತಿಂದಳು. ಮೊದಲ ಪ್ರಾರ್ಥನೆಗೆ ಎಲ್ಲರೂ ಕಣ್ಣು ಮುಚ್ಚಿದಾಗ ಇಮೊಜೀನ್ ಕದ್ದು ಹಿಂದಕ್ಕೆ ನೋಡಿದಳು. ವರ್ಲೀನ್ ಕಣ್ಣು ಬಿಟ್ಟುಕೊಂಡೇ ಕೂತಿದ್ದಳು, ಬಸ್ಸಿಗೆ ಕಾಯುವವಳ ಹಾಗೆ.

"ಇವತ್ತು ಮೊದಲು ಈಡೇರಿದ ಪ್ರಾರ್ಥನೆಗೆ ಸ್ತೋತ್ರ ಹೇಳೋಣ," ಎಂದರು ಬ್ರದರ್ ಹ್ಯಾಸ್ಕೆಲ್, ಮುಖವೆಲ್ಲ ನಗುವಾಗಿ. "ಸಿಸ್ಟರ್ ಇಮೊಜೀನ್, ನೀವೇ ಹೇಳಿ."

ಇಮೊಜೀನ್ ಏಳಲಿಲ್ಲ. ಕೂತಲ್ಲೇ ಕೈ ಎತ್ತಿ, "ಹೇಳಲಾಗದ್ದು, ಬ್ರದರ್" ಎಂದಳು.

"ಅಯ್ಯೋ, ಅದು ಈಡೇರಿತಲ್ಲ ಸಿಸ್ಟರ್!" ಎಲ್ಲರೂ ನಕ್ಕರು.

ಎತ್ತಿದ ಕೈ ಇಳಿಯಲಿಲ್ಲ. "ಈಡೇರಿಸಿದ್ದನ್ನ ವಾಪಸ್ ತಗೋ ಅಂತ ಕೇಳ್ಬಹುದಾ, ಬ್ರದರ್?"