ಮೂರನೇ ತಿರುವಿನಲ್ಲಿ ನಿಂತ ಕಾರು

ಎರಡು ನಿಮಿಷ ಬಿಡುವಿದ್ದರೆ ಮಾತ್ರ ಓದಿ... ನನ್ನ ಮಾನ ಹೋದ ಕಥೆಯನ್ನು ನಾನೇ ಹೇಳುತ್ತಿದ್ದೇನೆ.

ತುಮಕೂರಿನಲ್ಲಿ ನನ್ನದೊಂದು ಕಾರ್ ಗ್ಯಾರೇಜು. ನನ್ನ ಬಗ್ಗೆ ನಾನೇ ಹೇಳಿಕೊಳ್ಳಬಾರದು ನಿಜ... ಆದರೆ ಬೇರೆಯವರು ಸರಿಯಾಗಿ ಹೇಳುವುದಿಲ್ಲ.

ಇಪ್ಪತ್ತೆಂಟು ವರ್ಷದಲ್ಲಿ ಹತ್ತು ಸಾವಿರ ಎಂಜಿನ್ ಬಿಚ್ಚಿದ್ದೇನೆ. ನಾನು ಕೆಮ್ಮಿದರೆ ಸಾಕು, ಸತ್ತ ಎಂಜಿನ್ ಎದ್ದು ಕೂರುತ್ತದೆ. ಜಪಾನಿನವರು ನನ್ನ ಫೋನ್ ನಂಬರ್ ಹುಡುಕುತ್ತಿದ್ದಾರೆ ಎಂಬ ಸುದ್ದಿಯೂ ಇತ್ತು. (ಹಬ್ಬಿಸಿದ್ದು ನಾನೇ.)

ಒಂದು ದಿನ ಹನುಮಂತರಾಯಪ್ಪ ಎಂಬ ಹಿರಿಯರು ತಮ್ಮ ಹಳೆಯ ಕಾರು ತಂದರು. ಮೂವತ್ತು ವರ್ಷ ಬಸ್ ಓಡಿಸಿ ರಿಟೈರ್ ಆದವರು.

ಅವರ ಹೆಂಡತಿ ಸಿದ್ಧಗಂಗಮ್ಮನವರಿಗೆ ಎರಡೂ ಕಿಡ್ನಿ ಕೆಟ್ಟಿದ್ದವು. ವಾರಕ್ಕೆ ಮೂರು ಸಲ ಡಯಾಲಿಸಿಸ್. ಮನೆ ದೇವರಾಯನದುರ್ಗದ ಬೆಟ್ಟದ ಮೇಲೆ, ಆಸ್ಪತ್ರೆ ಕೆಳಗೆ ತುಮಕೂರಿನಲ್ಲಿ... ನಡುವೆ ಆ ಕಾರೊಂದೇ ಗತಿ.

ಎಂಜಿನ್ ಪೂರ್ತಿ ಇಳಿಸಿದೆ. ಸವೆದ ಸಿಲಿಂಡರ್ ಬೋರ್ ಮಾಡಿಸಿ, ಹೊಸ ಪಿಸ್ಟನ್, ಹೊಸ ರಿಂಗ್ ಹಾಕಿ ಮತ್ತೆ ಕೂರಿಸಿದೆ. ಇದು ಹಿಮಾಲಯ ಹತ್ತಿ ಆ ಕಡೆ ಇಳಿಯುವ ಎಂಜಿನ್ ಎಂದು ಪಕ್ಕದ ಟೀ ಅಂಗಡಿಗೆಲ್ಲ ಕೇಳುವಂತೆ ಸಾರಿದೆ.

ಮೂರೇ ದಿನ... ಕಾರು ವಾಪಸ್.

ಸಮತಟ್ಟಿನಲ್ಲಿ ಹೇಗೋ ಓಡುತ್ತದೆ, ಏರಿನಲ್ಲಿ ಪುಲ್ಲಿಂಗ್ ಇಲ್ಲ, ಎಳೆಯುವುದೇ ಇಲ್ಲ. ಹಿಂದಿನ ದಿನ ಡಯಾಲಿಸಿಸ್ ಮುಗಿಸಿ ಬರುವಾಗ ಭಾರ ಕಡಿಮೆಯಾಗಲೆಂದು ಆ ತಾಯಿ ಕೆಳಗಿಳಿದು, ಕಾರಿನ ಬಾಗಿಲು ಹಿಡಿದುಕೊಂಡು ಬೆಟ್ಟ ನಡೆದರಂತೆ.

ಪ್ಲಗ್ ನೋಡಿದೆ, ಟೈಮಿಂಗ್ ನೋಡಿದೆ, ಕಂಪ್ರೆಶನ್ ನೋಡಿದೆ. ಎಂಜಿನ್ನಿಗೆ ಗಾಳಿ ಒಯ್ಯುವ ಪೈಪು ಕಳಚಿ ಪಕ್ಕಕ್ಕಿಟ್ಟು ಕಾರ್ಬ್ಯುರೇಟರ್ ತೊಳೆದೆ. ಆಕ್ಸಿಲರೇಟರ್ ಒತ್ತಿದರೆ ಎಂಜಿನ್ ಹುಲಿಯಂತೆ ಗರ್ಜಿಸಿತು.

ಪೈಪು ಜೋಡಿಸಿ ಕಳಿಸಿದೆ. ಮರುದಿನ ಮತ್ತೆ ಬಂತು. ಇನ್ನೊಮ್ಮೆ ಕಳಿಸಿದೆ... ಇನ್ನೊಮ್ಮೆ ಬಂತು.

ಹಿಮಾಲಯ ಎಲ್ಲಿವರೆಗೆ ಬಂತು ಮೇಸ್ತ್ರಿ ಎಂದು ಟೀ ಅಂಗಡಿಯವರು ವಿಚಾರಿಸತೊಡಗಿದರು. ನಾನು ಟೀ ಕುಡಿಯುವುದನ್ನೇ ಬಿಟ್ಟೆ. ಹಿಂದಿನ ಗೋಡೆ ಹಾರಿ ಮನೆಗೆ ಹೋಗತೊಡಗಿದೆ.

ನನ್ನ ಬಡಾಯಿಯೇ ಕಟ್ಟಿದ ಬೋನಿನಲ್ಲಿ ನಾನೇ ಸಿಕ್ಕಿಬಿದ್ದಿದ್ದೆ. ತಪ್ಪು ನನ್ನದು ಎಂದರೆ ಇಪ್ಪತ್ತೆಂಟು ವರ್ಷ ನೀರಿಗೆ ಹೋಗುತ್ತದೆ...

ಹಾಗಾಗಿ ತಪ್ಪನ್ನು ಅವರ ಮೇಲೆ ಹಾಕಿದೆ. ನಾಲ್ಕು ಜನರ ಮುಂದೆ ಹೇಳಿದೆ: "ಯಜಮಾನ್ರೇ, ಎಂಜಿನ್ ಸರಿಯಾಗೈತೆ. ನೀವು ಕ್ಲಚ್ ಮೇಲೆ ಕಾಲಿಟ್ಕೊಂಡೇ ಓಡಿಸ್ತೀರ. ಬಸ್ಸಿನ ಚಾಳಿ."

ಮೂವತ್ತು ವರ್ಷ ಒಂದೂ ಆಕ್ಸಿಡೆಂಟ್ ಮಾಡದ ಮನುಷ್ಯ... ತಲೆ ತಗ್ಗಿಸಿ ಕಾರಿನ ಕೀ ತೆಗೆದುಕೊಂಡರು.

ಅದನ್ನೇ ಸಾಬೀತು ಮಾಡಲು ಮರುದಿನ ಆಸ್ಪತ್ರೆಯಿಂದ ಅವರಿಬ್ಬರನ್ನೂ ಕೂರಿಸಿಕೊಂಡು ನಾನೇ ಓಡಿಸಿದೆ.

ಬೆಟ್ಟದ ಮೂರನೇ ತಿರುವು... ಕಾರು ಕೆಮ್ಮಿ ನಿಂತೇಬಿಟ್ಟಿತು.

ಎಡಕ್ಕೆ ಬಂಡೆ, ಬಲಕ್ಕೆ ಇಳಿಜಾರು, ಹಿಂದೆ ಹಾರ್ನ್ ಬಡಿಯುವ ಬಸ್ಸು. ಇಳಿದು ಓಡಿಹೋಗೋಣವೆಂದರೆ ಬ್ರೇಕಿನಿಂದ ಕಾಲು ತೆಗೆಯುವಂತಿಲ್ಲ!

ರಾಯಪ್ಪನವರು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟರು.

ಹಿಂದಿನ ಸೀಟಿನಲ್ಲಿ ಕಣ್ಣು ಮುಚ್ಚಿ ಒರಗಿದ್ದ ಸಿದ್ಧಗಂಗಮ್ಮ ಮೆಲ್ಲಗೆ ಅಂದರು: "ಇದಕ್ಕೂ ನನ್ನಂಗೇ ಆಗೈತೆ ಕಣಪ್ಪ. ಕೂತಿದ್ರೆ ಏನೂ ಇಲ್ಲ. ನಾಲ್ಕು ಮೆಟ್ಲು ಹತ್ತಿದ್ರೆ ಗಾಳಿ ಸಾಲಲ್ಲ."

ಗಾಳಿ...

ಗ್ಯಾರೇಜಿನಲ್ಲಿ ಎಂಜಿನ್ ಗರ್ಜಿಸಿದಾಗಲೆಲ್ಲ ಗಾಳಿ ಪೈಪು ಕಳಚಿ ಪಕ್ಕದಲ್ಲಿತ್ತು. ಹತ್ತು ಸಾವಿರ ಎಂಜಿನ್ ಬಿಚ್ಚಿದ ತಲೆಗೆ, ತಡೆ ಆ ಪೈಪಿನಲ್ಲೇ ಇದೆ ಎಂದು ಹೊಳೆದಿರಲಿಲ್ಲ.

ಬಾನೆಟ್ ಎತ್ತಿ, ಪೈಪು ಕಿತ್ತು, ಅದರ ಬಾಗಿನೊಳಗೆ ಬೆರಳು ಹಾಕಿ ಎಳೆದೆ. ಗ್ರೀಸ್ ಹತ್ತಿದ ಬಟ್ಟೆ ಬಂತು. ನನ್ನದೇ ಹರಿದ ಬನಿಯನ್.

ಎಂಜಿನ್ ಇಳಿಸಿದಾಗ ಇಲಿ, ನಟ್ಟು ಒಳಗೆ ಹೋಗಬಾರದೆಂದು ತೆರೆದ ಬಾಯಿಗಳಿಗೆಲ್ಲ ಬಟ್ಟೆ ತುರುಕುವುದು ನಮ್ಮ ಗ್ಯಾರೇಜುಗಳ ಪದ್ಧತಿ. ಎಲ್ಲವನ್ನೂ ತೆಗೆದಿದ್ದೆ... ಒಳಗೆ ಜಾರಿದ ಈ ಒಂದನ್ನು ಬಿಟ್ಟು.

ಸಿದ್ಧಗಂಗಮ್ಮ ಕಿಟಕಿಯಿಂದ ನೋಡಿ ನಕ್ಕರು. "ಪುಣ್ಯ ಮಾಡೈತೆ ಬಿಡು ನಿನ್ ಎಂಜಿನ್ನು. ಬಟ್ಟೆ ತೆಗುದ್ರೆ ಸರಿಹೋಯ್ತು."

ನನಗೆ ನಗು ಬರಲಿಲ್ಲ.

ರಾಯಪ್ಪನವರು ಆ ಬಟ್ಟೆಯನ್ನೇ ನೋಡುತ್ತಿದ್ದರು. "ನೀವು ತುರುಕಿದ್ದು ನೋಡಿದ್ದೆ ಮೇಸ್ತ್ರಿ. ತೆಗೆದದ್ದು ನೋಡ್ಲಿಲ್ಲ."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಎರಡು ಸಲ ಕೇಳೋಕೆ ಬಂದೆ. ನೀವು ಹೇಳೋದ್ರಲ್ಲೇ ಇದ್ರಿ..." ಹೆಂಡತಿಯ ಕಡೆ ನೋಡಿ ಅಂದರು: "ನಿಮ್ಗೆ ಕೋಪ ಬಂದು ಗಾಡಿ ಮುಟ್ಟಲ್ಲ ಅಂದ್ಬುಟ್ರೆ, ಇವಳನ್ನ ನಾನು ಹೆಂಗೆ ಕರ್ಕೊಂಡೋಗ್ಲಿ? ಅದಕ್ಕೇ ಸುಮ್ನಾದೆ."

ಬೋನಿನಲ್ಲಿ ನಾನೊಬ್ಬನೇ ಇದ್ದೇನೆ ಎಂದುಕೊಂಡಿದ್ದೆ... ಅವರಿಬ್ಬರನ್ನೂ ಒಳಗೆ ಕೂಡಿಹಾಕಿ ಬೀಗ ಜಡಿದಿದ್ದೆ.

ಉಳಿದ ಬೆಟ್ಟವನ್ನು ಕಾರು ಒಂದೇ ಉಸಿರಿಗೆ ಹತ್ತಿತು. ಈ ಒಂದು ವಾಕ್ಯದಲ್ಲಿ ಉತ್ಪ್ರೇಕ್ಷೆ ಇಲ್ಲ.

ಮನೆ ಮುಂದೆ ನಾನು ಜಗಲಿಯಲ್ಲಿ ಕುಕ್ಕರಿಸಿದೆ. ಸಿದ್ಧಗಂಗಮ್ಮ ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ದೊಡ್ಡ ಲೋಟದ ತುಂಬ ಮಡಕೆಯ ನೀರು ತಂದು ನನ್ನ ಕೈಗೆ ಕೊಟ್ಟರು. ಬಿಸಿಲಲ್ಲಿ ಬಂದಿದ್ದೀಯ, ಪೂರ್ತಿ ಕುಡಿ ಎಂದರು.

ಇಡೀ ದಿನಕ್ಕೆ ಅಷ್ಟೇ ನೀರು ಕುಡಿಯಬೇಕೆಂದು ಅವರಿಗೆ ಡಾಕ್ಟರ್ ಕಟ್ಟುನಿಟ್ಟು ಮಾಡಿದ್ದಾರೆಂದು, ನಾನು ಅರ್ಧ ಕುಡಿದಾಗ ರಾಯಪ್ಪನವರು ಹೇಳಿದರು.

ಲೋಟ ಕೆಳಗಿಟ್ಟು "ತಪ್ಪು ನಂದು ಅಮ್ಮಾ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಅದೇ ಮೊದಲು.

*ನಮ್ಮನ್ನು ನಂಬಿದವರು ನಮ್ಮ ತಪ್ಪು ಹೇಳಲು ಹೆದರುತ್ತಿದ್ದರೆ, ನಮ್ಮ ಜಾಣತನಕ್ಕೆ ಬೆಲೆಯಿಲ್ಲ.*

ನಿಮ್ಮೆದುರು ಏನೋ ಹೇಳಲು ಬಂದು ಸುಮ್ಮನಾದವರು ಯಾರು...? ಇವತ್ತು ಅವರನ್ನು ಕೂರಿಸಿ ಕೇಳುತ್ತೀರಾ?