ಮಕ್ಕಳ ಮಂಚದ ಅಳತೆ

“ಇದು ನಾನು ಹೊಲಿದದ್ದಲ್ವೇನೇ?” ಮಲಗುವ ಕೋಣೆಗೆ ಕಾಲಿಟ್ಟವಳೇ ಅಕ್ಕ ಕೇಳಿದಳು. ಮಂಚದ ಮೇಲೆ ತಿಳಿನೀಲಿ ಬೆಡ್‌ಕವರ್ ಹಾಸಿತ್ತು. ಅದರ ಮೂಲೆಯಲ್ಲಿ ಹೆಬ್ಬೆರಳ ಗಾತ್ರದ ಹಳದಿ ಹಕ್ಕಿ.

ಗೋಡೆಯ ದೀಪ ಸರಿಪಡಿಸುತ್ತಿದ್ದ ತಂಗಿ ಬೆಚ್ಚಿ ತಿರುಗಿದಳು. ಇನ್ನೂ ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಈ ಮಾದರಿ ಮನೆಯನ್ನು ಒಳಗೆಲ್ಲ ಸಿಂಗರಿಸಿದವಳು ಅವಳೇ. ಅಕ್ಕ ಹೇಳದೆ ಕೇಳದೆ ಬಂದಿದ್ದಳು, ಅದೂ ಮನೆ ಕೊಳ್ಳುವುದಕ್ಕೆ. ಅವಳ ಹಿಂದೆ ಮಾರಾಟದವನು ಅರ್ಜಿ, ಪೆನ್ನು ಹಿಡಿದು ತುದಿಗಾಲಲ್ಲಿ ನಿಂತಿದ್ದ.

ಮಾದರಿ ಮನೆಯ ಗುಟ್ಟು ದೊಡ್ಡದೇನಲ್ಲ. ಕೋಣೆಯನ್ನು ಹಿಗ್ಗಿಸಲಾಗುವುದಿಲ್ಲ, ಸಾಮಾನನ್ನು ಕುಗ್ಗಿಸಬಹುದು. ಮಂಚ, ಸೋಫಾ, ಕಪಾಟು ಎಲ್ಲವನ್ನೂ ಗೇಣೋ ಮೊಳವೋ ಕಡಿಮೆ ಮಾಡಿಸಿ, ಬಾಗಿಲುಗಳನ್ನು ಕಿತ್ತಿಟ್ಟರೆ ಬೆಂಕಿಪೊಟ್ಟಣವೂ ಅರಮನೆ. ಬಂದವರು ಸುತ್ತ ನೋಡಿ ಹೋಗುತ್ತಾರೆಯೇ ಹೊರತು ಮಲಗಿ ನೋಡುವುದಿಲ್ಲ. ಆದರೆ ಅಂಥ ಮಂಚಕ್ಕೆ ಅಂಗಡಿಯ ಬೆಡ್‌ಕವರ್ ಹಾಕಿದರೆ ನೆಲಕ್ಕೆ ಜೋತುಬಿದ್ದು ಗುಟ್ಟು ರಟ್ಟಾಗುತ್ತದೆ. ಅದಕ್ಕೇ ತಂಗಿ ಪ್ರತಿ ಸಲವೂ ಅಳತೆ ಕೊಟ್ಟು ಅಕ್ಕನ ಕೈಯಲ್ಲಿ ಹೊಲಿಸುತ್ತಿದ್ದಳು. “ಯಾಕೆ ಇಷ್ಟು ಗಿಡ್ಡ?” ಎಂದು ಮೊದಲ ಸಲ ಅಕ್ಕ ಕೇಳಿದಾಗ, “ಮಕ್ಕಳ ಮಂಚದ್ದು ಅಕ್ಕಾ” ಎಂಬ ಸುಳ್ಳು ಸಲೀಸಾಗಿ ಬಾಯಿಗೆ ಬಂದಿತ್ತು.

ಅಕ್ಕನಿಗೆ ಮಕ್ಕಳಿಲ್ಲ. ಅಂದಿನಿಂದ ಅವಳು ಯಾರೂ ಕೇಳದಿದ್ದರೂ ಪ್ರತಿಯೊಂದರ ಮೂಲೆಗೂ ಒಂದು ಹಕ್ಕಿ ಹೊಲಿಯತೊಡಗಿದಳು. “ನಿದ್ದೆ ಬರದ ಮಗು ಬೆರಳಲ್ಲಿ ಸವರ್ತಾ ಮಲಗ್ಲಿ” ಎನ್ನುತ್ತಿದ್ದಳು. ತಂಗಿ ಆ ಮೂಲೆ ಕಾಣದಂತೆ ಗೋಡೆಯ ಕಡೆ ತಿರುಗಿಸಿ ಹಾಸುತ್ತಿದ್ದಳು. ಇವತ್ತು ಹಾಸಿದವರು ಕೆಲಸದವರು.

“ಮಕ್ಕಳ ಕೋಣೆಯೇ ಇಷ್ಟು ದೊಡ್ಡದಾ! ಮತ್ತೆ ದೊಡ್ಡವರ ಕೋಣೆ ಎಲ್ಲಿ?”

“ಇದೇ ಅಮ್ಮಾ ದೊಡ್ಡವರ ಕೋಣೆ,” ಎಂದ ಮಾರಾಟದವನು.

“ಹಾಗಾದ್ರೆ ಮಕ್ಕಳ ಮಂಚದ್ದು ಇಲ್ಲಿ ಯಾಕಿದೆ?”

ಅವನು ಮಾತಿನ ಮಲ್ಲ. “ಕೆಲಸದವರು ಅದಲು ಬದಲು ಮಾಡಿರ್ತಾರೆ ಬಿಡಿ,” ಎಂದು ನಕ್ಕು ತಂಗಿಯ ಕಡೆ ಕಣ್ಣು ಮಿಟುಕಿಸಿದ.

ಅಕ್ಕ ಅಷ್ಟಕ್ಕೇ ಸಮಾಧಾನಗೊಂಡಳು. “ಈ ಗೋಡೆಗೆ ನಿನ್ನ ಭಾವನ ಮಂಚ. ಕಿಟಕಿ ಹತ್ರ ಬಟ್ಟೆ ಕತ್ತರಿಸೋಕೆ ನನ್ನದೊಂದು ಮೇಜು. ನೆಲದ ಮೇಲೆ ಮಂಡಿ ಊರೋ ಕರ್ಮ ಇನ್ನು ಸಾಕು ಕಣೇ. ಬೇರೆಲ್ಲೂ ಮನೆ ನೋಡಲ್ಲ ನಾನು. ನೀನು ಮಾಡಿದ್ದು ಅಂದ ಮೇಲೆ ಮೋಸ ಇರುತ್ತಾ?”

ಭಾವ ಏಣಿಯಂಥ ಆಳು. ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದ ಮೇಲೆ, ಬಾಡಿಗೆ ಕೋಣೆಯಲ್ಲಿ ಅವನ ಮಂಚವೇ ಎಲ್ಲ ಜಾಗ ನುಂಗಿ ಹೊಲಿಗೆ ಯಂತ್ರ ಮೂಲೆಗೆ ಸೇರಿತ್ತು. ತಂಗಿಯನ್ನು ಓದಿಸಿದ್ದೂ ಆ ಯಂತ್ರವೇ. ಹೊಟ್ಟೆಬಟ್ಟೆ ಕಟ್ಟಿ ಉಳಿಸಿದ್ದನ್ನೆಲ್ಲ ಅಕ್ಕ ಈ ಕೋಣೆಗೆ ಸುರಿಯಲು ಹೊರಟಿದ್ದಳು. ಪೆನ್ನು ಆಗಲೇ ಅವಳ ಕೈ ಸೇರಿತ್ತು. ತಂಗಿಗೆ ತನ್ನ ಬಗ್ಗೆಯೇ ಹೇಸಿಗೆಯಾಯಿತು.

“ಸೈನ್ ಹಾಕ್ಬೇಡ ಅಕ್ಕಾ.”

“ಯಾಕೇ?”

“ಒಂದ್ಸಲ ಮಂಚದ ಮೇಲೆ ಮಲಗಿ ನೋಡು.”

ಅಕ್ಕ ಸಂಕೋಚದಿಂದಲೇ ಮೈ ಚಾಚಿದಳು. ಎರಡೂ ಪಾದಗಳು ಮಂಚದಾಚೆ ನೇತಾಡಿದವು. “ಇದೇನೇ, ಈ ವಯಸ್ಸಲ್ಲಿ ಬೆಳೀತಿದೀನಾ ನಾನು?” ಎಂದು ನಕ್ಕಳು. ತಂಗಿ ನಗಲಿಲ್ಲ.

“ಇಲ್ಲಿರೋದೆಲ್ಲ ಗಿಡ್ಡ ಮಾಡ್ಸಿರೋದು ಅಕ್ಕಾ. ಕೋಣೆ ದೊಡ್ಡದಾಗಿ ಕಾಣ್ಲಿ ಅಂತ. ಭಾವನ ಮಂಚ ಹಾಕಿದ್ರೆ ನಿನ್ನ ಮೇಜಿರ್ಲಿ, ನೀನು ನಿಲ್ಲೋಕೂ ಜಾಗ ಇರಲ್ಲ. ಇದನ್ನೆಲ್ಲ ಮಾಡ್ಸಿದ್ದು ನಾನೇ.”

ಮಾರಾಟದವನ ಮುಖ ಕಪ್ಪಿಟ್ಟಿತು. ಅಕ್ಕನ ಕೈಯಿಂದ ಪೆನ್ನು ತೆಗೆದುಕೊಂಡ. “ನಾಳೆಯಿಂದ ನೀವು ಈ ಕಡೆ ಬರೋದು ಬೇಡ ಮೇಡಂ,” ಎಂದವನೇ ಬಾಗಿಲಿಲ್ಲದ ಬಾಗಿಲಿಂದ ಹೊರಗೆ ಹೋದ.

ಅಕ್ಕ ಎದ್ದು ಕುಳಿತಳು. ಬೈಗುಳಕ್ಕೆ, ಬೇಕಾದರೆ ಒಂದು ಏಟಿಗೂ ತಂಗಿ ಸಿದ್ಧಳಾಗಿದ್ದಳು. ಅಕ್ಕ ಬೈಯಲಿಲ್ಲ. ತಾನು ಮಲಗಿ ಎದ್ದ ಜಾಗದ ಸುಕ್ಕನ್ನು ಅಂಗೈಯಿಂದ ಸವರಿ ಸರಿಮಾಡುತ್ತ ಬಂದಳು. ಕೈ ಮೂಲೆಯ ಹಕ್ಕಿಯ ಹತ್ತಿರ ನಿಂತಿತು.

“ನಾನು ಹೊಲಿದುಕೊಟ್ಟಿದ್ದೆಲ್ಲ ಇಂಥ ಮನೆಗಳಿಗೇನಾ?”

“ಹೂಂ.”

“ಮೊದಲನೇದೂ?”

“ಹೂಂ ಅಕ್ಕಾ.”

ಅಕ್ಕ ಹಕ್ಕಿಯ ಮೇಲೆ ಬೆರಳಾಡಿಸಿದಳು. ತಂಗಿಯ ಮುಖ ನೋಡದೆ ಕೇಳಿದಳು:

“ಹಾಗಾದ್ರೆ ಒಂದರ ಮೇಲೂ ಮಗು ಮಲಗಲೇ ಇಲ್ವೇನೇ?”